ನಾನೂರು ಮೀಟರಿನ ಗುರಿ

ವಾಚಕ ಮಹಾಶಯರೇ, ಒಂದು ಗುಂಡು ಗುರಿ ತಪ್ಪಿದ್ದಕ್ಕಾಗಿ ನಡೆದ ಈ ವಿಚಾರಣೆಯನ್ನು ತಾವು ಅವಸರವಿಲ್ಲದೆ ಅವಲೋಕಿಸಬೇಕಾಗಿ ವಿನಂತಿ.

"ಅವನು ನಿನ್ನ ಒಡಹುಟ್ಟಿದೋನು. ಅದಕ್ಕೇ ತಪ್ಪಿಸ್ದೆ," ಎಂದ ಕ್ಯಾಪ್ಟನ್ ಎಗ್ಲಾಫ್.

ಎದುರಿಗೆ ನಿಂತಿದ್ದವನು ಸಿಪಾಯಿ ಸೆವೆರಿನ್. ಮೊದಲ ಮಹಾಯುದ್ಧದ ಮೂರನೆಯ ಚಳಿಗಾಲ. ಸ್ವಿಸ್ ಗಡಿಯ ತೊರೆಗೆ ಅವನದೇ ಕಾವಲು. ನಿನ್ನೆ ಸೈನ್ಯ ಬಿಟ್ಟು ಓಡಿಬಂದ ಅಣ್ಣ ಫ್ರಿಡೊಲಿನ್, ತೊರೆಯ ನಡುವೆ ನಿಂತು, "ನೀನೂ ಬಾರೋ ಪೆದ್ದ, ಯಾರಿಗೋಸ್ಕರ ಸಾಯ್ತೀಯಾ?" ಎಂದು ನಕ್ಕಿದ್ದ. ಸೆವೆರಿನ್ ಗುಂಡು ಹಾರಿಸಿದ್ದ. ಅದು ಅಣ್ಣನ ಟೋಪಿಯ ಮೇಲಿಂದ ಹಾದು ಆಚೆ ದಡದ ಪೈನ್ ಮರಕ್ಕೆ ನಾಟಿತ್ತು; ಅಣ್ಣ ಗಡಿ ದಾಟಿಬಿಟ್ಟಿದ್ದ. ಬೇಕೆಂದೇ ತಪ್ಪಿಸಿದ್ದು ಸಾಬೀತಾದರೆ ಇವನನ್ನೇ ಗೋಡೆಗೆ ನಿಲ್ಲಿಸಿ ಗುಂಡಿಕ್ಕುವರು.

"ಎಲ್ಲಿಗೆ ಗುರಿ ಇಟ್ಟೆ?"

"ತಲೆಗೆ, ಸ್ವಾಮಿ. ಸಿಟ್ಟು ಬಂದಿತ್ತು. ಕೆಳಗೆ ಹಿಡೀಬೇಕು ಅನ್ನೋದು ಮರ್ತೇಹೋಯ್ತು."

ಬಯಲಿನ ದೂರದ ಕಾಳಗವನ್ನೇ ಮನಸ್ಸಿನಲ್ಲಿಟ್ಟು ಮಾಡಿದ ಬಂದೂಕು ಸೆವೆರಿನ್‌ನ ಕೈಯ ಮೌಸರ್. ನಳಿಗೆಯ ಮೇಲೆ ದೂರಕ್ಕೆ ತಕ್ಕಂತೆ ಸರಿಸುವ ಅದರ ಗುರಿಪಟ್ಟಿಯ ಅತಿ ಕೆಳಗಿನ ಅಳತೆಯೇ ನಾನೂರು ಮೀಟರು. ಹತ್ತಿರದವನ ತಲೆಗೆ ಹಿಡಿದರೆ ಗುಂಡು ಮೇಲೇ ಹೋಗುತ್ತದೆ. ಸೊಂಟಕ್ಕೆ ಹಿಡಿಯಿರೆಂದು ಕವಾಯತಿನಲ್ಲಿ ಬೈದು ಬೈದು ಕಲಿಸಿರುತ್ತಾರೆ. ಕಲಿತವನು ಮರೆಯುವುದುಂಟೇ ಎಂಬುದು ಎಗ್ಲಾಫನ ಸಂಶಯ.

ಅವನು ತೊರೆಯ ನಡುವೆ ಗೂಟ ನೆಡಿಸಿ, ಟೋಪಿ ತೊಡಿಸಿದ. ಸೆವೆರಿನ್‌ನ ಬಂದೂಕನ್ನೇ ಕಿತ್ತುಕೊಂಡು ಬೋಲ್ಟ್ ಎಳೆದು ನೂಕಿ ಗುಂಡು ಏರಿಸಿದ. ಬಂದೂಕಿನಲ್ಲಿ ದೋಷವಿಲ್ಲವೆಂದು ತೋರಿಸುವ ಆವೇಶ. ಟೋಪಿಗೇ ಗುರಿ ಇಟ್ಟು ಗುಂಡು ಹಾರಿಸಿದ. ಟೋಪಿ ಅಲುಗಲಿಲ್ಲ, ಪೈನ್ ಮರದ ತೊಗಟೆ ಸಿಡಿಯಿತು.

ಎಗ್ಲಾಫ್ ಬಂದೂಕು ಕೆಳಗಿಳಿಸಿದ. ಸೆವೆರಿನ್‌ನಂತೆ ಅವನೂ ಕಾಡಿನ ಬೇಟೆಗಾರ; ಹೊಡೆಯಬೇಕಾದಲ್ಲಿಗೇ ನೇರ ಗುರಿ ಹಿಡಿಯುವುದು ಆ ಕೈಗಳ ರೂಢಿ.

"ಹಾಳಾದ ಜಿಂಕೆ ಹೊಡೆಯೋ ಚಾಳಿ. ನನ್ನ ಕೈಗೂ ಅದೇ ರೋಗ," ಎಂದ. "ಹೋಗು. ಗುರಿ ಹಿಡಿಯೋದನ್ನ ಫ್ರೆಂಚರ ಮುಂದೆ ಕಲ್ತ್ಕೋ."

ಸಂಜೆಯ ರೈಲಿಗೆ ರಣರಂಗಕ್ಕೆ ಹೊರಡಬೇಕೆಂಬ ಆಜ್ಞೆಯಾಯಿತು.

ಚೀಲ ಕಟ್ಟಲು ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ಅಪ್ಪಿಕೊಂಡಳು. ಟರ್ನಿಪ್ ಗೆಡ್ಡೆಯ ಸಾರು ಬಡಿಸಿ ಅವನ ತಲೆ ಸವರಿದಳು.

"ಎಂಥಾ ಸುಳ್ಳು ಹೇಳಿ ಬಂದ್ಯೋ, ನನ್ನ ಬಂಗಾರ," ಎಂದು ಪಿಸುಗುಟ್ಟಿದಳು. "ನನ್ನ ಫ್ರಿಡೊಲಿನ್ ಉಳಿದದ್ದು ನಿನ್ನಿಂದ. ಸಾಯೋವರೆಗೂ ಮರೆಯಲ್ಲ."

ಸೆವೆರಿನ್ ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಎದ್ದ. ಅವನು ಕಾಲುಚೀಲ, ಕ್ಷೌರದ ಕತ್ತಿಗಳನ್ನು ಚೀಲಕ್ಕೆ ತುರುಕಿದ. ಅವಳ ಮುಖ ನೋಡದೆ ಚೀಲ ಹೆಗಲಿಗೇರಿಸಿ ನಿಲ್ದಾಣದ ದಾರಿ ಹಿಡಿದ.

ಕ್ಯಾಪ್ಟನ್ನನ ಮುಂದೆ ಅವನು ಒಂದು ಸುಳ್ಳನ್ನೂ ಹೇಳಿರಲಿಲ್ಲ.