ಮಾದೇಶನ ಮೇಲಿನ ದೂರು

ಪುಷ್ಪಾ ಪೊರಕೆ ಹಿಡಿದೇ ದೇವರಾಜುವಿನ ಮನೆ ಬಾಗಿಲಿಗೆ ಬಂದಿದ್ದಳು. ಅಂಗಳ ಗುಡಿಸುವಾಗಲೇ ಸಿಟ್ಟು ನೆತ್ತಿಗೇರಿತ್ತು, ಪೊರಕೆ ಕೆಳಗಿಡುವಷ್ಟು ವ್ಯವಧಾನ ಇರಲಿಲ್ಲ.

"ನೆನ್ನೆ ಸಂಜೆ ಟೇಸನ್‌ಗೆ ಫೋನ್ ಮಾಡ್ದೋನು ನೀನೇ ಕಣಣ್ಣ. ಒಪ್ಕೊಂಡ್ಬುಡು!"

ಹಲ್ಲುಜ್ಜುತ್ತಿದ್ದ ದೇವರಾಜು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಹಿಂದೆ ಸರಿದ. "ಯಾವ್ ಫೋನು ತಾಯಿ?"

ಯಾವ ಫೋನು ಎಂದರೆ ಹೇಳುವುದು ಬಹಳವಿತ್ತು. ಪುಷ್ಪಾಳ ಗಂಡ ಮಾದೇಶನ ಹೆಸರು ಪೊಲೀಸರ ರೌಡಿ ಪಟ್ಟಿಯಲ್ಲಿದೆ. ಕೆಲವು ವರ್ಷಗಳ ಹಿಂದೆ ಅಂತರಸಂತೆಯ ಸಂತೆಯಲ್ಲಿ, ಕುಡಿದ ಅಮಲಿನಲ್ಲಿ, ಇದೇ ದೇವರಾಜುವಿನ ಕೈ ಮುರಿದಿದ್ದ. ಹಳೆಯ ಹೊಡೆದಾಟಗಳೂ ಜೊತೆಗೆ ಸೇರಿ ಹೆಸರು ಪಟ್ಟಿಗೆ ಹತ್ತಿತು. ಅಂದಿನಿಂದ ಮಾದೇಶ ಕುಡಿದಿಲ್ಲ, ಯಾರ ಮೇಲೂ ಕೈ ಎತ್ತಿಲ್ಲ. ತಿಂಗಳಿಗೊಮ್ಮೆ ತಾಲ್ಲೂಕು ಕೇಂದ್ರವಾದ ಕೋಟೆಯ ಠಾಣೆಯಲ್ಲಿ ರೌಡಿಗಳ ಪರೇಡ್ ಇರುತ್ತದೆ. ಅವತ್ತು ಮಾದೇಶ ನುಣ್ಣಗೆ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನೆಂಟರ ಮದುವೆಗೆ ಹೊರಟವನಂತೆ ಬಸ್ ಹತ್ತುತ್ತಾನೆ. ಹಳೇ ಗೆಳೆಯರು ಬಾರಿಗೆ ಕರೆದರೆ, "ಆಗಾಕಿಲ್ಲ ಕಣ್ಲಾ, ಪಟ್ಟೀಲಿ ಎಸ್ರದೆ. ಪೊಲೀಸ್ನೋರು ಚರ್ಮ ಸುಲೀತಾರೆ," ಎಂದು ನಗುತ್ತಾನೆ.

ಅವನೇನೋ ನಗುತ್ತಾನೆ, ಅವಮಾನ ಪುಷ್ಪಾಳಿಗೆ. ಗಣಪತಿ ಹಬ್ಬ ಬರಲಿ, ಎಲೆಕ್ಷನ್ ಬರಲಿ, ಜೀಪು ಮೊದಲು ನಿಲ್ಲುವುದು ಅವಳ ಮನೆ ಮುಂದೆ. ಹಾಲಿನ ಡೈರಿಯಲ್ಲಿ ಅವಳನ್ನು ಪುಷ್ಪಾ ಎನ್ನುವವರೇ ಇಲ್ಲ, 'ರೌಡಿ ಹೆಂಡ್ತಿ' ಎಂದರೆ ಎಲ್ಲರಿಗೂ ಗೊತ್ತು. ಎಡಗಿವಿ ಕೇಳದಿರುವುದೂ ಒಂದು ಪುಣ್ಯ, ಅರ್ಧ ಮಾತು ಆ ಕಡೆಯೇ ಹೋಗುತ್ತದೆ ಎಂದು ಅವಳೇ ತಮಾಷೆ ಮಾಡುತ್ತಾಳೆ. ಗಂಡನ ಹೆಸರು ಪಟ್ಟಿ ಸೇರುವ ಹಿಂದಿನ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಹೋದ ಕಿವಿ ಅದು. ಊರಿಗೆಲ್ಲ ಹಾಗೇ ಹೇಳಿದ್ದಾಳೆ. ಅದಾದ ಮೇಲೆ ಮಾದೇಶ ನಡೆಯುವಾಗಲೂ ಕೂರುವಾಗಲೂ ತಪ್ಪದೆ ಅವಳ ಬಲಕ್ಕೇ ಇರುತ್ತಾನೆ.

ನಡತೆ ಸರಿಯಿದ್ದವರ ಹೆಸರನ್ನು ಪಟ್ಟಿಯಿಂದ ತೆಗೆಯುವುದುಂಟು. ಅದಕ್ಕೆ ವರ್ಷಕ್ಕೊಮ್ಮೆ ವಿಚಾರಣೆ. ಪ್ರತಿ ಸಲವೂ ವಿಚಾರಣೆಯ ಹಿಂದಿನ ಸಂಜೆ ಯಾರೋ ಠಾಣೆಯ ಹಳೇ ಲ್ಯಾಂಡ್‌ಲೈನಿಗೆ ಫೋನ್ ಮಾಡುತ್ತಾರೆ. ಮಾದೇಶ ಇನ್ನೂ ಅಪಾಯದ ಮನುಷ್ಯ, ನಂಬಬೇಡಿ ಎನ್ನುತ್ತಾರೆ. ಯಾರು ಎಂದು ಕೇಳುವಷ್ಟರಲ್ಲಿ ಇಟ್ಟುಬಿಡುತ್ತಾರೆ. ಹೆಸರು ಇದ್ದಲ್ಲೇ ಉಳಿಯುತ್ತದೆ.

ಈ ಸಲವೂ ಫೋನ್ ಬಂತು ಎಂದು ಪೇದೆ ಲಿಂಗಯ್ಯ ಬೆಳಿಗ್ಗೆಯೇ ತಿಳಿಸಿದ್ದ. ಆದರೆ ಹೊಸ ಇನ್‌ಸ್ಪೆಕ್ಟರ್ ಮಂಗಳಗೌರಿ ಬೇರೆಯೇ ಖದರಿನವರು. ಮುಖ ತೋರಿಸದವರ ದೂರು ನನಗೆ ಬೇಡ, ಧೈರ್ಯ ಇದ್ದರೆ ನಾಳೆ ಎದುರಿಗೆ ಬಂದು ಹೇಳಿ ಎಂದು ಅವರೇ ಫೋನು ಕುಕ್ಕಿದ್ದರಂತೆ.

ಸುದ್ದಿ ಕೇಳಿ ಪುಷ್ಪಾ ಕುದಿದುಹೋದಳು. ಮಾದೇಶ ಮಾತ್ರ, "ಓಗ್ಲಿ ಬುಡು," ಎಂದು ಎಮ್ಮೆಗೆ ಹುಲ್ಲು ಹಾಕಲು ಹೋದ. ಹಿಂದಿನ ಸಂಜೆ ಟ್ರ್ಯಾಕ್ಟರ್‌ನವನಿಗೆ ಫೋನ್ ಮಾಡಲು ನೆಟ್‌ವರ್ಕ್ ಹುಡುಕಿಕೊಂಡು ನೀರಿನ ಟ್ಯಾಂಕ್ ತನಕ ಅಲೆದಿದ್ದನಲ್ಲ, ಸುಸ್ತಾಗಿರಬೇಕು ಎಂದುಕೊಂಡಳು. ಇಂಥ ಸಾಧುವಿನ ಮೇಲೆ ಹಗೆ ಸಾಧಿಸಲು ದೇವರಾಜುವಿಗಲ್ಲದೆ ಇನ್ಯಾರಿಗೆ ಕಾರಣವಿದೆ?

ದೇವರಾಜು ಬಾಯಿ ಮುಕ್ಕಳಿಸಿ ಬಂದು ಜಗುಲಿಯ ಮೇಲೆ ಕೂತ.

"ಕೈ ಮುರ್ದಾಗ ಕ್ವಾಪ ಇತ್ತು, ದಿಟ ಕಣವ್ವ. ಆಮೇಕೆ ನಮ್ಮವ್ವ ಸತ್ತಾಗ ಚಟ್ಟಕ್ಕೆ ಮೊದ್ಲು ಎಗಲು ಕೊಟ್ಟೋನು ಅವ್ನೇ. ನಾನ್ಯಾಕೆ ಅವ್ನ ಮ್ಯಾಲೆ ಚಾಡಿ ಯೋಳ್ಲಿ? ಬೇಕಾದ್ರೆ ನಾನೇ ಬಂದು ಸಾಕ್ಷಿ ಯೋಳ್ತೀನಿ, ನಡಿ."

ಪುಷ್ಪಾಳಿಗೆ ಪೊರಕೆ ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ.

ಮೂವರೂ ಒಂದೇ ಬಸ್ಸಿಗೆ ಕೋಟೆಗೆ ಹೊರಟರು. ಬಲಗಡೆ ಕೂತಿದ್ದ ಮಾದೇಶನ ಬೆಳ್ಳಗಿನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಎದ್ರುಕೋಬ್ಯಾಡಿ," ಎಂದಳು ಪುಷ್ಪಾ. "ಇವತ್ತು ಆಗೋಯ್ತದೆ."

"ಅದೇ ಕಣೆ," ಎಂದು ಅವನು ಕಿಟಕಿಯಾಚೆ ನೋಡಿದ.

ಠಾಣೆಯಲ್ಲಿ ದೇವರಾಜು ತೋಳು ಮಡಚಿ ತನ್ನ ಸೊಟ್ಟ ಕೈಯನ್ನು ಎಲ್ಲರಿಗೂ ತೋರಿಸಿದ. "ಇದ್ನ ಮುರ್ದೋನು ಇವ್ನೇ ಮೇಡಂ. ಈಗ ನಮ್ಮೂರಲ್ಲಿ ಇವ್ನಂಥ ಒಳ್ಳೇನು ಇನ್ನೊಬ್ನಿಲ್ಲ. ಎಸ್ರು ತೆಗ್ದಾಕಿ."

ಮಂಗಳಗೌರಿ ನಕ್ಕೇಬಿಟ್ಟರು. "ಕೈ ಮುರಿಸಿಕೊಂಡವರೇ ಸರ್ಟಿಫಿಕೇಟ್ ಕೊಟ್ಟ ಮೇಲೆ ಇನ್ನೇನಪ್ಪ!" ಎಂದು ಪೆನ್ನು ಎತ್ತಿಕೊಂಡರು. ಪುಷ್ಪಾಳ ಎದೆ ತುಂಬಿ ಬಂತು. ನಾಳೆ ಬೆಳಿಗ್ಗೆ ಡೈರಿಯಲ್ಲಿ ಯಾರಾದರೊಬ್ಬರು 'ಪುಷ್ಪಕ್ಕ' ಎಂದಾರು, ಅಷ್ಟು ಸಾಕಿತ್ತು ಅವಳಿಗೆ.

"ಫೋನ್ ಮಾಡಿದ ಮಹಾಶಯರು ಬಂದಿಲ್ಲ ತಾನೆ?" ಇನ್‌ಸ್ಪೆಕ್ಟರು ಸುಮ್ಮನೆ ಕೇಳಿದರು.

ಪುಷ್ಪಾ ಬಾಗಿಲ ಕಡೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಅವಳ ಬಲಕ್ಕೆ ಬೆಂಚು ಕಿರ್ರೆಂದಿತು. ಮಾದೇಶ ಎದ್ದು ನಿಂತು ಕೈ ಮುಗಿದಿದ್ದ.

"ಬಂದಿವ್ನಿ ಮೇಡಂ. ಆ ಪಟ್ಟೀಲಿ ಎಸ್ರು ಇರೋಗಂಟ ಈ ಕೈ ಸುಮ್ಕಿರ್ತದೆ, ತೆಗೀಬ್ಯಾಡಿ. ಇವ್ಳ ಒಂದು ಕಿವಿ ಆಗ್ಲೇ ಕಳ್ದಿವ್ನಿ, ಇನ್ನೊಂದಾದ್ರೂ ಉಳೀಲಿ."