ಅಗತ್ಯವಿದೆಯೇ?

ಊರಿನ ಹೊಸ ಡಯಾಲಿಸಿಸ್ ಕೇಂದ್ರದಲ್ಲಿ ನೀರಿನ ಪರೀಕ್ಷೆ ಮುಗಿಸಿ ಆರೋಗ್ಯ ಇಲಾಖೆಯ ಅಧಿಕಾರಿ ಕೈ ಒರೆಸಿಕೊಳ್ಳುತ್ತಿದ್ದಾಗ ಹೊರಗೆ ಆಟೋ ನಿಂತ ಸದ್ದಾಯಿತು. ಹೆಂಡತಿಯ ಹೆಗಲಿಗೆ ಒರಗಿಕೊಂಡು ಆ ಊರಿನ ಟೈಲರ್ ಒಳಗೆ ಬಂದ. ಮುಖ ಊದಿತ್ತು. ಪಾದ ಚಪ್ಪಲಿಯಲ್ಲಿ ಹಿಡಿಸದೆ ಬರಿಗಾಲಲ್ಲೇ ಬಂದಿದ್ದ. ಎರಡೂವರೆ ಗಂಟೆ ಬಸ್ಸಿನ ದಾರಿಯಲ್ಲಿದ್ದ ದೊಡ್ಡಾಸ್ಪತ್ರೆಗೆ ಆರು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವವನು. ಮೊನ್ನೆ ಬಸ್ಸು ಕೆಟ್ಟು ನಿಂತು ಸರದಿ ತಪ್ಪಿತ್ತು, ಮುಂದಿನ ಸರದಿ ನಾಳೆ ಎಂದಿದ್ದರು. "ಬೋರ್ಡ್ ಹಾಕಿದ್ರಲ್ಲ, ಶುರುವಾಗಿದೆ ಅಂದ್ಕೊಂಡ್ವಿ ಅಕ್ಕ," ಎಂದಳು ಹೆಂಡತಿ, ಕೇಂದ್ರದ ಸಿಸ್ಟರಿಗೆ.

ಶುರುವಾಗಿರಲಿಲ್ಲ. ಅದೇ ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಸಿಸ್ಟರ್ ಕೆಲಸ ಬಿಟ್ಟು ಬಂದು, ಮುಚ್ಚಿಹೋಗಿದ್ದ ಪ್ರಿಂಟಿಂಗ್ ಪ್ರೆಸ್ಸನ್ನು ತೊಳೆದು ಬಳಿದು ನಾಲ್ಕು ಮಂಚದ ಡಯಾಲಿಸಿಸ್ ಕೇಂದ್ರ ಮಾಡಿದ್ದಳು. ಯಂತ್ರ, ನೀರು ಶುದ್ಧಿಯ ಘಟಕ, ವಾರಪೂರ್ತಿ ಬರಲು ಒಪ್ಪಿದ ಡಾಕ್ಟರು, ಎಲ್ಲ ಸಿದ್ಧ. ಅನುಮತಿಯೊಂದು ಬಾಕಿ. ಕಾನೂನಿನ ಪ್ರಕಾರ ಕೇಂದ್ರ ಚೊಕ್ಕಟವಾಗಿದ್ದರೆ ಸಾಲದು, ಆ ಸೀಮೆಗೆ ಇನ್ನೊಂದು ಕೇಂದ್ರದ 'ಅಗತ್ಯವಿದೆ' ಎಂದೂ ಸಾಬೀತಾಗಬೇಕು. ನಮ್ಮ ಯಂತ್ರಗಳೇ ಸಾಕು, ಹೊಸದು ಬೇಡ ಎಂದು ದೊಡ್ಡಾಸ್ಪತ್ರೆ ತಕರಾರು ಬರೆದಿತ್ತು. ಅಗತ್ಯ ಇದೆಯೋ ಇಲ್ಲವೋ ಎಂದು ಅಳೆದು ಹೇಳುವುದು ಈ ಅಧಿಕಾರಿಯ ಪಾಲಿಗೆ ಬಂದಿತ್ತು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ನಿಯಮದ ಗೆರೆ ದಾಟದ ಮನುಷ್ಯ.

ಸಿಸ್ಟರ್ ಟೈಲರನ್ನು ನೆಟ್ಟಗೆ ಕೂರಿಸಿ ಎದೆಗೆ ಸ್ಟೆತಸ್ಕೋಪ್ ಇಟ್ಟಳು. ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು. ಇವತ್ತೊಂದು ದಿನ ನೋಡಿಯೂ ನೋಡದ ಹಾಗಿರಿ ಎಂದು ಈಕೆ ತನ್ನನ್ನು ಕೇಳಿಯೇ ಕೇಳುತ್ತಾಳೆ ಎಂದುಕೊಂಡ ಅಧಿಕಾರಿ, ಆಗುವುದಿಲ್ಲ ಎನ್ನಲು ಮಾತನ್ನು ಜೋಡಿಸಿಟ್ಟುಕೊಂಡ. ಆಕೆ ಅವನ ಕಡೆ ತಿರುಗಲೂ ಇಲ್ಲ. ಅನುಮತಿ ಬರುವ ತನಕ ತಾನು ಸೂಜಿ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಮೆಲ್ಲಗೆ ತಿಳಿಸಿ, ಆಂಬುಲೆನ್ಸಿಗೆ ಫೋನ್ ಮಾಡಿದಳು. ಅದು ಬೇರೆಲ್ಲೋ ಹೋಗಿತ್ತು. ಟೈಲರನ ಹೆಂಡತಿ ಬಿಳಿ ಹೊದಿಕೆ ಹಾಸಿದ ನಾಲ್ಕು ಮಂಚಗಳನ್ನು ನೋಡಿದಳು, ಆಮೇಲೆ ಅಧಿಕಾರಿಯನ್ನು ನೋಡಿದಳು.

"ನನ್ನ ಜೀಪ್ ಇದೆ, ನಡೀರಿ," ಎಂದ ಅಧಿಕಾರಿ.

ಹಿಂದಿನ ಸೀಟಿನಲ್ಲಿ ಆಮ್ಲಜನಕದ ಸಿಲಿಂಡರನ್ನು ಎರಡು ಕಾಲುಗಳ ನಡುವೆ ಅವುಚಿ ಹಿಡಿದು, ಟೈಲರ್ ವಾಲದ ಹಾಗೆ ಭುಜ ಕೊಟ್ಟು ಕೂತಳು ಸಿಸ್ಟರ್. ದಾರಿಯುದ್ದಕ್ಕೂ ಅವನ ಅಂಗಡಿಯ ವಿಷಯವೇ ಮಾತಾಡಿದಳು. ತನ್ನ ರವಿಕೆಯ ತೋಳನ್ನು ಯಾವಾಗಲೂ ಬಿಗಿ ಮಾಡುತ್ತಾನೆಂದು ದೂರಿದಳು. ಏದುಸಿರಿನಲ್ಲೂ ಅವನು ನಕ್ಕ. ಆಸ್ಪತ್ರೆ ಮುಟ್ಟಿದ ಮೇಲೆ ತುರ್ತು ಎಂದು ಒಳಗೆ ತೆಗೆದುಕೊಂಡರೂ ಯಂತ್ರ ಬಿಡುವಾಗಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ಆಕೆ ಅವನ ಕೈ ಬಿಡಲಿಲ್ಲ. ಟೈಲರ್ ಉಳಿದ.

ಮೊಗಸಾಲೆಯ ಬೆಂಚಿನಲ್ಲಿ ಕೂತಿದ್ದ ಅಧಿಕಾರಿ, ಸಿಸ್ಟರ್ ಹೊರಬಂದಾಗ ತಡೆಯಲಾರದೆ ಕೇಳಿದ.

"ಒಂದು ಮಾತು ನನ್ನನ್ನ ಕೇಳಬಹುದಿತ್ತಲ್ಲ?"

"ಇವತ್ತು ನಿಯಮ ಮುರಿದ್ರೆ ನಾಳೆ ನನ್ನ ನೀರನ್ನ ಯಾರು ನಂಬ್ತಾರೆ ಸಾರ್? ನೀರು ಸರಿ ಇದೆಯಾ ಅಂತ ನೀವು ನೋಡ್ಲೇಬೇಕು. ನೋಡದೆ ಸಹಿ ಹಾಕಿದ್ರೆ ನಾನೇ ನಿಮ್ಮ ಮೇಲೆ ದೂರು ಕೊಡ್ತೀನಿ. ಆದರೆ ಜನಕ್ಕೆ ನಾನು ಬೇಕಾ ಬೇಡ್ವಾ ಅನ್ನೋದನ್ನ ಜನಕ್ಕೆ ಬಿಡಿ. ಯಾರೂ ಬರದಿದ್ರೆ ಬಾಗಿಲು ಹಾಕ್ಕೊಂಡು ಹೋಗೋಳು ನಾನು ತಾನೆ?"

ಅಧಿಕಾರಿ ಅಷ್ಟಕ್ಕೇ ಬಿಡಲಿಲ್ಲ. ಕೈಯಲ್ಲಿ ಕಾಸಿಲ್ಲದವರ ಗತಿಯೇನು, ಕಾಸಿರುವವರೆಲ್ಲ ಆಕೆಯ ಕಡೆ ಬಂದರೆ ದೊಡ್ಡಾಸ್ಪತ್ರೆ ಬಡವರನ್ನು ಹೇಗೆ ನೋಡಿಕೊಳ್ಳಬೇಕು ಎಂದು ಕೇಳಿದ. ಬಡವರಿಗೆ ಸರ್ಕಾರ ಕೊಡುವ ನೆರವನ್ನು ಆಸ್ಪತ್ರೆಗೆ ಕೊಡದೆ ಅವರ ಕೈಗೇ ಕೊಡಲಿ, ಎಲ್ಲಿಗೆ ಹೋಗಬೇಕೆಂದು ಅವರೇ ನೋಡಿಕೊಳ್ಳುತ್ತಾರೆ ಎಂದಳು. ಅದೊಂದರಿಂದ ಎಲ್ಲ ಸರಿಹೋದೀತು ಎಂದು ಅವನಿಗೆ ಅನ್ನಿಸಲಿಲ್ಲ. ಆದರೆ ಎದುರಿಗೆ ನೆಲದ ಮೇಲೆ ಪೇಪರ್ ಹಾಳೆ ಹಾಸಿಕೊಂಡು ಮಲಗಿ ಸರದಿ ಕಾಯುತ್ತಿದ್ದವರಲ್ಲಿ ಆಕೆಯ ಊರಿಂದ ಬಸ್ಸಿನಲ್ಲಿ ಬಂದವರೇ ಎಷ್ಟೋ ಮಂದಿ ಇದ್ದರು. 'ನಮ್ಮ ಯಂತ್ರಗಳೇ ಸಾಕು' ಎಂಬ ಬರಹ ಅವನ ಬ್ಯಾಗಿನಲ್ಲಿತ್ತು.

ಮರುದಿನ ಅವನು ವರದಿ ಬರೆದ. ನೀರು, ಶುಚಿತ್ವ, ಸಿಬ್ಬಂದಿ ಮೂರೂ ಸರಿಯಿವೆ. 'ಅಗತ್ಯವಿದೆಯೇ?' ಎಂಬ ಅಂಕಣದಲ್ಲಿ, 'ಇದನ್ನು ನಿರ್ಧರಿಸಲು ನಾನು ಅರ್ಹನಲ್ಲ, ರೋಗಿಗಳು ಅರ್ಹರು' ಎಂದು ಬರೆದ. ಮೇಲಿನವರು ಕೆಂಡಾಮಂಡಲವಾದರು. ತಿದ್ದಿ ಕೊಡು ಎಂದು ಎರಡು ಸಲ ಕಡತ ವಾಪಸು ಬಂತು. ಎರಡು ಸಲವೂ ಒಂದಕ್ಷರ ಬದಲಿಸದೆ ಕಳಿಸಿದ. ಕಾರಣ ಕೇಳಿ ನೋಟಿಸು ಬಂದಾಗ, ಜೀಪಿನ ಆ ದಿನದ ಪ್ರಯಾಣವನ್ನು ಇದ್ದದ್ದು ಇದ್ದ ಹಾಗೆ ಬರೆದು ಕೊಟ್ಟ. ಅದನ್ನು ಓದಿದ ಮೇಲೆ ಅಗತ್ಯವಿಲ್ಲ ಎನ್ನಲು ಮೇಲಿನವರಿಗೂ ಆಗಲಿಲ್ಲ, ಮೂರನೇ ತಿಂಗಳಿಗೆ ಅನುಮತಿ ಸಿಕ್ಕಿತು.

ವರ್ಷದ ಕೊನೆಗೆ ನೀರಿನ ಪರೀಕ್ಷೆಗೆಂದು ಆ ಊರಿಗೆ ಹೋದಾಗ ಅಧಿಕಾರಿ ಟೈಲರ್ ಅಂಗಡಿಗೆ ಹೊಕ್ಕ. ಅವನು ನಿಂತುಕೊಂಡೇ ಬಟ್ಟೆ ಕತ್ತರಿಸುತ್ತಿದ್ದ. ಕುಶಲ ವಿಚಾರಿಸಿದ ಮೇಲೆ ಟೈಲರ್ ಹೊಸ ಸುದ್ದಿ ಹೇಳಿದ: ದೊಡ್ಡಾಸ್ಪತ್ರೆ ಈಗ ಸಂಜೆ ಪಾಳಿಯನ್ನೂ ಶುರು ಮಾಡಿದೆ, ರೋಗಿಗಳ ಮನೆ ಬಾಗಿಲಿಗೇ ವ್ಯಾನು ಕಳಿಸುತ್ತದಂತೆ.

"ಮತ್ತೆ ನೀವು ಸಿಸ್ಟರ್ ಹತ್ರಾನೇ ತಾನೆ?" ಎಂದ ಅಧಿಕಾರಿ.

ಟೈಲರ್ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದ.

"ಯೋಚನೆ ಮಾಡ್ತಾ ಇದೀನಿ ಸಾರ್. ಆರು ವರ್ಷ ನಾನು ಕಾದೆ. ಈಗ ನನಗೋಸ್ಕರ ಇಬ್ರು ಕಾಯ್ತಾ ಇದಾರೆ."