ರತ್ನಕ್ಕ ಹಾಕಿದ ನೀರು

ಬಂಗುಡೆ ಮೀನು ಹುರಿಯುವ ವಾಸನೆ ಬಂದರೆ ಈಗಲೂ ನಾನು ಎದ್ದು ಹೊರಗೆ ಹೋಗುತ್ತೇನೆ.

ಭದ್ರಾವತಿಯ ಓಲ್ಡ್ ಟೌನಿನ ಮನೆಯಲ್ಲಿ ನನ್ನ ತಮ್ಮ ಹುಟ್ಟಿ ಒಂದು ಗಂಟೆಯೂ ಬದುಕಲಿಲ್ಲ. ಫಾದರನ್ನು ಕರೆಸುವಷ್ಟು ಸಮಯವಿರಲಿಲ್ಲ. ಏಳಲಾಗದ ಅಮ್ಮ ಮಲಗಿದಲ್ಲಿಂದಲೇ ಮಂತ್ರ ಹೇಳಿಕೊಟ್ಟಳು. ಪಕ್ಕದ ಮನೆಯ ರತ್ನಕ್ಕ ಅದನ್ನೇ ಹೇಳುತ್ತ ಮಗುವಿನ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಟ್ಟರು. ಅದಿಲ್ಲದೆ ಸತ್ತ ಮಗು ದೇವರ ಹತ್ತಿರ ಹೋಗುವುದಿಲ್ಲ ಎಂದು ನಮ್ಮ ಕ್ರೈಸ್ತರಲ್ಲಿ ನಂಬಿಕೆ. ರತ್ನಕ್ಕ ದಿನಾ ವಿಭೂತಿ ಹಚ್ಚುವವರು.

ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ, ಭಾನುವಾರ ನಮಗೆ ಧರ್ಮದ ಪಾಠ ಹೇಳುತ್ತಿದ್ದ ಉಪದೇಶಿ ಪ್ರಾರ್ಥನೆಗೆಂದು ಬಂದು ಊಟಕ್ಕೆ ಕೂತರು.

“ಮಗು ದೇವರ ಹತ್ರ ಹೋಗಿದೆ ಅಲ್ವಾ ಉಪದೇಶಿಗಳೇ?” ಎಂದು ಅಮ್ಮ ಕೇಳಿದಳು.

ಅವರು ಹಲ್ಲಿನ ಸಂದಿಯಿಂದ ಬಂಗುಡೆಯ ಮುಳ್ಳು ಎಳೆದು ತಟ್ಟೆಯ ಅಂಚಿಗೆ ಒರೆಸಿದರು. “ನೀರು ಹಾಕಿದ್ದು ಹಿಂದೂ ಹೆಂಗಸಲ್ವೇನಮ್ಮ? ಅದು ಸಲ್ಲಲ್ಲ. ಎಲ್ಲಿಗೆ ಹೋಯ್ತೋ ಹೇಳಕ್ಕಾಗಲ್ಲ. ಇನ್ನೊಂದು ತುಂಡು ಹಾಕು.” ಎಣ್ಣೆ ಮಣಿಕಟ್ಟಿನವರೆಗೆ ಇಳಿದಿತ್ತು. ಅದನ್ನೂ ನೆಕ್ಕಿದರು.

ಮೊಸರು ತಂದಿದ್ದ ರತ್ನಕ್ಕ ಬಾಗಿಲಲ್ಲೇ ನಿಂತುಬಿಟ್ಟರು.

ಬೆತ್ತ ಹಿಡಿದು ಅವರೇ ಉರು ಹೊಡೆಸಿದ್ದ ಉತ್ತರ ನನಗೆ ಬಾಯಿಪಾಠವಾಗಿತ್ತು. ಪಾಠದಲ್ಲಿ ನಿಲ್ಲುವಂತೆ ಕೈಕಟ್ಟಿ ನಿಂತು ಒಪ್ಪಿಸಿದೆ: “ಸಾಯುವ ಮಗುವಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಕ್ರೈಸ್ತರಲ್ಲದವರೂ ಕೊಡಬಹುದು.”

“ಏಯ್, ದೊಡ್ಡವರ ಮಾತಲ್ಲಿ ನಿಂದೇನೇ?” ಉಪದೇಶಿಯ ಬಾಯಿತುಂಬ ಅನ್ನವಿತ್ತು, ಎಂಜಲಿನ ಅಗುಳು ನನ್ನ ಲಂಗಕ್ಕೆ ಬಂದು ಅಂಟಿತು.

ಅಮ್ಮ ಕೈಯಲ್ಲಿದ್ದ ಬಾಣಲೆ ಕೆಳಗಿಟ್ಟಳು.

“ನೀ ಹೇಳು ಮಗಳೇ,” ಎಂದಳು. “ರತ್ನಕ್ಕಂಗೂ ಕೇಳೋ ಹಾಗೆ ಗಟ್ಟಿಯಾಗಿ ಹೇಳು.”